ಹೊಳೆದಂಡೆ ಉಳಿಸುವ ಕೆಲಸಕ್ಕೆ ಸಣ್ಣ ಅನುದಾನ: ಸಹಾಯ ಬೇಕು

ಎಲ್ಲರಿಗೂ ನಮಸ್ಕಾರ. ನಾವು ಕೆಲವರು ಸೇರಿ ನೀರುನಾಯಿಗಳಿರುವ ಒಂದು ಹೊಳೆದಂಡೆಯಲ್ಲಿ ಕಳೆ ಕಿತ್ತು, ಅಲ್ಲಿನದೇ ಜಾತಿಯ ಗಿಡಗಳನ್ನು ನೆಡುತ್ತಿದ್ದೇವೆ. ಕೈದುಡ್ಡು ಸಾಲುತ್ತಿಲ್ಲ. ನಮ್ಮದು ನೋಂದಣಿಯಾದ ಸಂಸ್ಥೆ ಅಲ್ಲ, ಹಾಗಾಗಿ 1992ರಿಂದ ನಡೆಯುತ್ತಿರುವ ಜಿಇಎಫ್ (ಗ್ಲೋಬಲ್ ಎನ್ವಿರಾನ್‌ಮೆಂಟ್ ಫೆಸಿಲಿಟಿ ಎಂಬ ಅಂತರರಾಷ್ಟ್ರೀಯ ಪರಿಸರ ನಿಧಿ) ಸಣ್ಣ ಅನುದಾನ ನಮಗೆ ಕಷ್ಟ, ಅದು ಸಂಘಟನೆಗಳಿಗೆ ಕೊಡುವಂಥದ್ದು. ಮೊಹಮದ್ ಬಿನ್ ಜಾಯೆದ್ ಪ್ರಭೇದ ಸಂರಕ್ಷಣಾ ನಿಧಿ 25,000 ಡಾಲರ್‌ವರೆಗೆ ಕೊಡುತ್ತದೆ, ಆದರೆ ಅದರ ಒತ್ತು ಜಾಸ್ತಿ ಪ್ರಭೇದದ ಮೇಲೆ, ನಮ್ಮದು ಜಾಗ ಉಳಿಸುವ ಕೆಲಸ. ಹಾಗಾಗಿ ಸಣ್ಣ ಸಂರಕ್ಷಣಾ ಕೆಲಸಗಳಿಗೆ ಅನುದಾನ ಕೊಡುವ ಬ್ರಿಟನ್ನಿನ ರಫರ್ಡ್ ಫೌಂಡೇಶನ್‌ಗೆ ಅರ್ಜಿ ಹಾಕೋಣ ಅಂತಿದ್ದೇವೆ. ಹಾಕಿದವರು ಯಾರಾದರೂ ಇದ್ದೀರಾ?

ನೆಟ್ಟ ಗಿಡಗಳ ಲೆಕ್ಕ ಕೊಡುವುದು ಸುಲಭ, ಆದರೆ ಪ್ರಾಣಿ ಆ ಜಾಗ ಬಳಸುತ್ತಿದೆಯಾ ಅನ್ನುವುದೇ ಮುಖ್ಯ ಅಲ್ವಾ? ಅದಕ್ಕೆ ಹೆಜ್ಜೆಗುರುತು, ಹಿಕ್ಕೆ ದಾಖಲಿಸಿದರೆ ಸಾಕಾ, ಕ್ಯಾಮೆರಾ ಟ್ರ್ಯಾಪ್ (ಪ್ರಾಣಿ ಎದುರು ಬಂದಾಗ ತಾನಾಗಿ ಫೋಟೋ ತೆಗೆಯುವ ಕ್ಯಾಮೆರಾ) ಬೇಕೇಬೇಕಾ? ಬಜೆಟ್‌ನಲ್ಲಿ ಕೂಲಿ ತೋರಿಸಬಹುದಾ? ನಿಮ್ಮ ಹಳೆಯ ಅರ್ಜಿಯ ಪ್ರತಿ ಇದ್ದರೆ ದಯವಿಟ್ಟು ಹಂಚಿಕೊಳ್ಳಿ.