ಪದಚರ್ಚೆ: ‘ಹೊಸತೊಡಕು’ – ತೊಡಕೋ, ತೊಡಗೋ?

ಎಲ್ಲರಿಗೂ ನಮಸ್ಕಾರ.

ಯುಗಾದಿಯ ಮರುದಿನಕ್ಕೆ ಹಳೇ ಮೈಸೂರು ಕಡೆ ಹೊಸತೊಡಕು ಅಂತೀವಲ್ಲ, ಅದರಲ್ಲಿರುವ ‘ತೊಡಕು’ ಯಾವ ತೊಡಕು? ಅಡ್ಡಿ, ಸಿಕ್ಕು ಅನ್ನುವ ಅರ್ಥದ ತೊಡಕೇ? ಇಲ್ಲಾ ‘ಕೆಲಸಕ್ಕೆ ತೊಡಗಿದ’ ಅನ್ನುವಾಗ ಬರುವ ತೊಡಗು ಈ ರೂಪಕ್ಕೆ ತಿರುಗಿದೆಯೇ? ನನ್ನ ಒಲವು ಎರಡನೆಯದರ ಕಡೆಗೆ. ಆದರೆ ಕೈಯಲ್ಲಿರುವ ಆಧಾರ ಸಾಲದು. ಅದಕ್ಕೇ ಈ ಪತ್ರ.

ನಮ್ಮ ಅಪಾರ್ಟ್‌ಮೆಂಟಿನ ಕನ್ನಡ ಬಳಗ ಒಂದು ಪುಟ್ಟ ಕ್ಯಾಲೆಂಡರ್ ಮಾಡುತ್ತಿದೆ. ರಜೆ ಪಟ್ಟಿಯಲ್ಲಿ ಇಲ್ಲದ ಹಬ್ಬಗಳೇ ಅದರ ತುಂಬ. ಕಾರ ಹುಣ್ಣಿಮೆ, ಮಣ್ಣೆತ್ತಿನ ಅಮಾವಾಸ್ಯೆ, ಸೀಗೆ ಹುಣ್ಣಿಮೆ, ತುಳುನಾಡಿನ ಕೆಡ್ಡಸ, ಕೊಡಗಿನ ಕಕ್ಕಡ ಪದಿನೆಟ್ಟ್. ಒಂದೊಂದಕ್ಕೂ ಒಂದು ಸಾಲಿನ ವಿವರಣೆ ಬರೆಯಬೇಕು. ಮಿಕ್ಕವು ಹೇಗೋ ಮುಗಿದವು. ಹೊಸತೊಡಕಿನ ಹತ್ತಿರ ಬಂದಾಗ ಒಬ್ಬರು ‘ಹೊಸ ವರ್ಷದ ಮೊದಲ ವಿಘ್ನದ ದಿನ’ ಅಂತ ಬರೆದುಕೊಟ್ಟರು. ಓದಿ ನಗು ಬಂತು. ಮಟನ್ ತರೋಕೆ ಬೆಳಿಗ್ಗೆ ಐದಕ್ಕೇ ಎದ್ದು ಹೋಗುವ ಜನ ಅದನ್ನು ವಿಘ್ನ ಅಂದುಕೊಂಡಿರ್ತಾರಾ?

ಆ ಕಡೆಯವರಲ್ಲದವರಿಗೆ ಸ್ವಲ್ಪ ಹೇಳಿಬಿಡುತ್ತೇನೆ. ಬೆಂಗಳೂರು, ರಾಮನಗರ, ಮಂಡ್ಯ, ಮೈಸೂರು, ತುಮಕೂರು, ಕೋಲಾರದ ಸುತ್ತ ಯುಗಾದಿ ಅಂದರೆ ಎರಡು ದಿನ. ಮೊದಲ ದಿನ ಎಣ್ಣೆಸ್ನಾನ, ಬೇವುಬೆಲ್ಲ, ಒಬ್ಬಟ್ಟು. ಅವತ್ತು ಮಾಂಸದ ಮಾತೇ ಇಲ್ಲ. ಎರಡನೇ ದಿನ ಬಾಡು, ಅಂದರೆ ಮಾಂಸದೂಟ. ಊರುಗಳಲ್ಲಿ ಹತ್ತಾರು ಮನೆಯವರು ಸೇರಿ ಕುರಿ, ಮೇಕೆ ಕೊಯ್ಯಿಸಿ ಗುಡ್ಡೆ ಹಾಕುತ್ತಾರೆ. ಗುಡ್ಡೆ ಬಾಡು ಅಂದರೆ ಇದೇ. ತೊಡೆ, ಪಕ್ಕೆ, ಈಲಿ (ಲಿವರ್), ಕೊಬ್ಬು ಎಲ್ಲವನ್ನೂ ಎಲ್ಲ ಗುಡ್ಡೆಗೂ ಸಮನಾಗಿ ಬೀಳುವ ಹಾಗೆ ಹಂಚಬೇಕು. ಹಂಚುವವನ ಕೈಯನ್ನೇ ಎಲ್ಲರೂ ನೋಡುತ್ತಿರುತ್ತಾರೆ. ‘ಆ ಗುಡ್ಡೆಗೆ ಈಲಿ ಜಾಸ್ತಿ ಬಿತ್ತು’ ಅಂತ ಒಬ್ಬರಾದರೂ ಅನ್ನದೆ ಇರುವುದಿಲ್ಲ. ಆಗ ಒಂದು ತುಂಡು ಈ ಕಡೆಯಿಂದ ಆ ಕಡೆಗೆ ಹೋಗುತ್ತದೆ. ಕೆಲವರು ಇದಕ್ಕೆಂದೇ ವರ್ಷವಿಡೀ ತಿಂಗಳು ತಿಂಗಳು ಹಬ್ಬದ ಚೀಟಿ ಕಟ್ಟಿರುತ್ತಾರೆ. ಮಧ್ಯಾಹ್ನ ಮುದ್ದೆ, ಸಾರು, ಬೋಟಿ ಗೊಜ್ಜು. ಪಕ್ಕದಲ್ಲಿ ನಿನ್ನೆಯ ಒಬ್ಬಟ್ಟು. ಆಮೇಲೆ ಅರಳಿಕಟ್ಟೆ ಮೇಲೋ ತೋಪಿನಲ್ಲೋ ಇಸ್ಪೀಟು. ವರ್ಷವೆಲ್ಲ ಎಲೆ ಮುಟ್ಟದವರೂ ಅವತ್ತು ಒಂದು ಕೈ ಕೂರುತ್ತಾರೆ.

ಸರ್ಕಾರಿ ರಜೆ ಇಲ್ಲ. ಆದರೂ ಕಟ್ಟಡ ಕೆಲಸದವರು, ಗ್ಯಾರೇಜಿನ ಹುಡುಗರು ಯುಗಾದಿಗೆ ಊರಿಗೆ ಹೋದರೆ ತೊಡಕು ಮುಗಿಸಿಕೊಂಡೇ ಬರುವುದು. 2025ರಲ್ಲಿ ಎಲ್ಲರಿಗೂ ರಜೆ ಸಿಕ್ಕಿತ್ತು. ಮಾರ್ಚ್ 30ರ ಭಾನುವಾರ ಯುಗಾದಿ, 31ರ ಸೋಮವಾರ ರಂಜಾನ್. ಹೊಸತೊಡಕೂ ಅದೇ ಸೋಮವಾರ.

ಈಗ ಪದಕ್ಕೆ ಬರೋಣ. ಮಾತಿನಲ್ಲಿ ಇದು ಹೊಸ್ತೊಡ್ಕು, ಹೊಸ್ತಡ್ಕು. ಇನ್ನು ಕೆಲವರ ಬಾಯಲ್ಲಿ ವರ್ಷತೊಡಕು, ವರ್ಸ್ತೊಡ್ಕು. ವರ್ಷದ ತೊಡಕು ಅಂತ ಬಿಡಿಸಿ ಹೇಳುವವರೂ ಇದ್ದಾರೆ. ಈ ಎರಡನೇ ಜೋಡಿಯನ್ನು ನೆನಪಿಟ್ಟುಕೊಳ್ಳಿ, ಮುಂದೆ ಕೆಲಸಕ್ಕೆ ಬರುತ್ತದೆ.

‘ಅಡ್ಡಿ’ ಅನ್ನುವ ಅರ್ಥದ ಪರವಾಗಿ ಹೇಳುವವರ ವಾದ ಹೀಗೆ: ಹಬ್ಬದ ಮರುದಿನ ಒಳ್ಳೆಯ ಕೆಲಸ ಶುರು ಮಾಡಬಾರದು, ಪ್ರಯಾಣ ಹೊರಡಬಾರದು, ಹಾಗಾಗಿ ಅದು ತೊಡಕಿನ ದಿನ. ಇದನ್ನು ಸುಮ್ನೆ ತಳ್ಳಿಹಾಕೋಕಾಗಲ್ಲ. ಉತ್ತರ ಕರ್ನಾಟಕದಲ್ಲಿ ಹಬ್ಬದ ಮಾರನೇ ದಿನವನ್ನು ಕರಿ ಅನ್ನುತ್ತಾರೆ. ತಮಿಳಿನಲ್ಲಿ ಕರಿನಾಳ್ ಇದೆ. ತೆಲುಗರಿಗೆ ಸಂಕ್ರಾಂತಿಯ ಮರುದಿನ ಕನುಮ. ಅವತ್ತು ಅವರೂ ಮಾಂಸದ ಅಡುಗೆ ಮಾಡುತ್ತಾರೆ, ಕನುಮದ ದಿನ ಕಾಗೆ ಕೂಡ ಕದಲುವುದಿಲ್ಲ ಅಂತ ಗಾದೆಯನ್ನೂ ಹೇಳುತ್ತಾರೆ. ಹಬ್ಬದ ಮಾರನೆಯ ದಿನ ಎಲ್ಲೂ ಹೋಗದೆ ತಿಂದು ಮನೆಯಲ್ಲಿರುವುದು ದಕ್ಷಿಣದಲ್ಲಿ ಎಲ್ಲ ಕಡೆ ಇದೆ ಅಂತ ಕಾಣುತ್ತದೆ. ಆದರೆ ಕರಿಯಲ್ಲಿ ಕಪ್ಪು, ಕೆಟ್ಟದ್ದು ಅನ್ನುವ ನೆರಳಿದೆ. ಹೊಸತೊಡಕಿನಲ್ಲಿ ಅದಿಲ್ಲ. ಕೆಟ್ಟ ದಿನಕ್ಕೆ ಯಾರಾದರೂ ‘ಹೊಸ’ ಅಂತ ಸೇರಿಸಿ ಕರೆಯುತ್ತಾರಾ?

ನನಗೆ ‘ತೊಡಗು’ ಸರಿ ಅನ್ನಿಸುವುದಕ್ಕೆ ಮುಖ್ಯ ಕಾರಣ ಬೆಳಗು–ಬೆಳಕು ಜೋಡಿ. ದೀಪ ಬೆಳಗುತ್ತದೆ, ಅದರಿಂದ ಬರುವುದು ಬೆಳಕು. ಅದೇ ದಾರಿಯಲ್ಲಿ ತೊಡಗುವುದರಿಂದ ತೊಡಕು, ಅಂದರೆ ಶುರು. ವರ್ಷತೊಡಕು ಅಂದರೆ ವರ್ಷದ ಶುರು, ಹೊಸತೊಡಕು ಅಂದರೆ ಹೊಸ ಶುರು. ತಮಿಳಿನಲ್ಲಿ ತೊಡಂಗು ಅಂದರೆ ಶುರುವಾಗು, ತೊಡಕ್ಕಂ ಅಂದರೆ ಆರಂಭ. ಮಲಯಾಳದಲ್ಲಿ ತುಡಕ್ಕಂ. ತೆಲುಗಿನಲ್ಲೂ ತೊಡಗು ಇದೆ. ಸುತ್ತಲಿನ ಮನೆಗಳಲ್ಲೆಲ್ಲ ಇರುವ ಪದ ನಮ್ಮ ಹಳ್ಳಿಯ ಬಾಯಲ್ಲಿ ಒಂದು ಹಬ್ಬದ ಹೆಸರಾಗಿ ಉಳಿದಿರಬಹುದು.

ಇದಕ್ಕೆ ಬರುವ ಆಕ್ಷೇಪವನ್ನು ನಾನೇ ಹೇಳುತ್ತೇನೆ. ಹಳಗನ್ನಡದಲ್ಲಿ ತೊಡಗು ಅನ್ನುವುದು ತೊಡಂಗು, ನಡುವೆ ಸೊನ್ನೆ ಇದೆ. ಬೆಳಗುವಿನಲ್ಲಿ ಸೊನ್ನೆ ಇಲ್ಲ. ಹಾಗಾಗಿ ಎರಡೂ ತದ್ರೂಪು ಜೋಡಿಯಲ್ಲ. ಆದರೆ ಅಡಂಗು ಅನ್ನುವುದರಿಂದ ಅಡಕ ಆಗಿದೆ, ಅಲ್ಲಿ ಸೊನ್ನೆ ಬಿದ್ದು ಕಕಾರ ಉಳಿದಿದೆ. ಹಾಗಾದರೆ ತೊಡಕ ಆಗಬೇಕಿತ್ತು, ತೊಡಕು ಯಾಕಾಯಿತು ಅಂತ ಕೇಳಿದರೆ ನನ್ನ ಹತ್ತಿರ ಉತ್ತರ ಇಲ್ಲ. ವ್ಯಾಕರಣ ಬಲ್ಲವರು ಇಲ್ಲಿ ಕೈಹಿಡಿಯಬೇಕು.

ಪದ ಬಿಟ್ಟು ಆಚರಣೆಯ ಕಡೆಯಿಂದ ನೋಡಿದರೂ ಶುರುವಿನ ಅರ್ಥವೇ ಹೊಂದುತ್ತದೆ. ಯುಗಾದಿ ಪಾಡ್ಯದ ದಿನ. ಅಮಾವಾಸ್ಯೆ ಆಗ ತಾನೇ ಕಳೆದಿರುತ್ತದೆ, ಅವತ್ತು ಸಂಜೆ ಚಂದ್ರ ಕಣ್ಣಿಗೆ ಬೀಳುವುದು ಕಷ್ಟ. ಬಿದಿಗೆಯ ಸಂಜೆ, ಅಂದರೆ ತೊಡಕಿನ ಸಂಜೆ, ಪಡುವಣದಲ್ಲಿ ಉಗುರಿನಷ್ಟು ಚಂದ್ರ ಕಾಣುತ್ತಾನೆ. ಮಹಡಿ ಹತ್ತಿ ಅವನನ್ನು ನೋಡಿ ಕೈಮುಗಿದು, ಆಮೇಲೆ ಮನೆಯ ಹಿರಿಯರ ಕಾಲಿಗೆ ಬೀಳುವುದು ನಮ್ಮ ಕಡೆ ಪದ್ಧತಿ. ಪಂಚಾಂಗದ ಲೆಕ್ಕದಲ್ಲಿ ವರ್ಷ ಪಾಡ್ಯಕ್ಕೇ ಶುರುವಾಗಿರಬಹುದು. ಕಣ್ಣಿಗೆ ಕಾಣುವ ಶುರು ಮಾತ್ರ ಬಿದಿಗೆಗೆ. ಇದರ ಜೊತೆಗೆ ಅವತ್ತು ಏನು ಮಾಡುತ್ತೀವೋ ವರ್ಷವಿಡೀ ಅದೇ ನಡೆಯುತ್ತದೆ ಅನ್ನುವ ನಂಬಿಕೆ ಬೇರೆ. ಅವತ್ತು ಉಂಡರೆ ವರ್ಷವೆಲ್ಲ ಊಟ, ಗೆದ್ದರೆ ವರ್ಷವೆಲ್ಲ ಗೆಲುವು, ಅತ್ತರೆ ವರ್ಷವೆಲ್ಲ ಅಳು. ಮಕ್ಕಳನ್ನು ಅವತ್ತು ಬೈಯುವುದಿಲ್ಲ. ಸಾಲ ಕೇಳಲು ಬಂದವರನ್ನು ನಾಳೆ ಬಾ ಅನ್ನುತ್ತಾರೆ. 2020ರಲ್ಲಿ ಯುಗಾದಿ ಮಾರ್ಚ್ 25ಕ್ಕೆ ಬಿತ್ತು. ದೇಶದ ಲಾಕ್‌ಡೌನ್ ಶುರುವಾಗಿದ್ದೂ ಅವತ್ತೇ. ಮರುದಿನ ತೊಡಕಿಗೆ ಎಲ್ಲರೂ ಮನೆಯೊಳಗೇ. ಆ ವರ್ಷ ಹೇಗೆ ಕಳೆಯಿತು ಅಂತ ಬಿಡಿಸಿ ಹೇಳಬೇಕಾಗಿಲ್ಲ ಅಲ್ವಾ?

ಇಲ್ಲಿ ಮೂರನೆಯ ಸಾಧ್ಯತೆಯೂ ಇಣುಕುತ್ತದೆ. ತೊಡಕು, ತೊಡರು ಇವುಗಳ ಬುಡದಲ್ಲಿ ಇರುವುದು ‘ಸಿಕ್ಕಿಸು, ಜೋಡಿಸು’ ಅನ್ನುವ ಭಾವ. ತಮಿಳಿನ ತೊಡರ್ ಅಂದರೆ ಮುಂದುವರಿ, ಬೆನ್ನು ಹಿಡಿ. ಅವತ್ತು ಮಾಡಿದ್ದು ವರ್ಷಕ್ಕೆ ತೊಡಕಿಕೊಳ್ಳುತ್ತದೆ ಅನ್ನುವ ಅರ್ಥದಲ್ಲಿ ವರ್ಷತೊಡಕು ಆಗಿರಬಹುದೇ? ಕೇಳಲು ಚೆನ್ನಾಗಿದೆ. ಆದರೆ ಇಷ್ಟು ನಯವಾಗಿ ಕೂರುವ ವಿವರಣೆಗಳ ಮೇಲೆ ನನಗೆ ಸ್ವಲ್ಪ ಅನುಮಾನ ಜಾಸ್ತಿ.

ಅನುಮಾನಕ್ಕೆ ಒಂದು ಉದಾಹರಣೆ ಕೊಡುತ್ತೇನೆ. ಹಳಗನ್ನಡದಲ್ಲಿ ಅಡಗು ಅಂದರೆ ಮಾಂಸ. ಹೊಸತು + ಅಡಗು = ಹೊಸತಡಗು, ಅದೇ ಹೊಸ್ತಡ್ಕು! ಬಾಡಿನ ಹಬ್ಬಕ್ಕೆ ಮಾಂಸದ ಹೆಸರೇ ಸಿಕ್ಕಿಬಿಟ್ಟಿತು. ಇದು ಹೊಳೆದಾಗ ಬಹಳ ಖುಷಿಯಾಯಿತು. ಆದರೆ ವರ್ಷತೊಡಕನ್ನು ಇಟ್ಟುಕೊಂಡು ಏನು ಮಾಡುವುದು? ಅಲ್ಲಿ ‘ಹೊಸತು’ ಇಲ್ಲ, ಬಿಡಿಸಿದರೆ ತೊಡಕೇ ಉಳಿಯುತ್ತದೆ. ಒಂದೇ ದಿನದ ಎರಡು ಹೆಸರಿಗೂ ಹೊಂದದ ವಿವರಣೆಯನ್ನು ಕೈಬಿಡುವುದೇ ಒಳ್ಳೆಯದು. ಹೊಸ ತೊಡಿಗೆ, ಅಂದರೆ ಹೊಸ ಬಟ್ಟೆ, ಅದರಿಂದ ಬಂತು ಅನ್ನುವವರೂ ಇದ್ದಾರೆ. ಹೊಸ ಬಟ್ಟೆ ಹಾಕುವುದು ಹಿಂದಿನ ದಿನ. ಮಸಾಲೆ ರುಬ್ಬುವ ದಿನ ಯಾರೂ ಹೊಸ ಸೀರೆ ಉಡುವುದಿಲ್ಲ.

ಬರೆಯುವ ರೀತಿಯ ಬಗ್ಗೆಯೂ ಕೇಳಬೇಕು. ಆದೇಶ ಸಂಧಿಯ ಪ್ರಕಾರ ಹೊಸ + ಕನ್ನಡ ಹೊಸಗನ್ನಡ ಆದ ಹಾಗೆ ಇದು ಹೊಸದೊಡಕು ಆಗಬೇಕು. ಹಾಗೆ ಬರೆದದ್ದನ್ನೂ ನೋಡಿದ್ದೇನೆ. ಆದರೆ ಹೊಸಕೋಟೆ, ಹೊಸಪೇಟೆಗಳು ಹೊಸಗೋಟೆ, ಹೊಸಬೇಟೆ ಆಗಿಲ್ಲ. ಜನರ ಬಾಯಲ್ಲಿ ತಕಾರವೇ ಇರುವಾಗ ಅದನ್ನೇ ಉಳಿಸೋಣ ಅಂತ ನನ್ನ ಮತ. ಬಿಡಿಸಿ ‘ಹೊಸ ತೊಡಕು’ ಅಂತ ಮಾತ್ರ ಬರೆಯಬಾರದು. ಪತ್ರಿಕೆಗಳಲ್ಲಿ ಯಾವುದಾದರೂ ಯೋಜನೆಗೆ ಕೋರ್ಟಿನಲ್ಲಿ ತಡೆ ಬಂದರೆ ಶೀರ್ಷಿಕೆ ಹಾಕುವುದು ಹಾಗೆಯೇ. ಈಗೀಗ ವಾಟ್ಸಾಪಿನಲ್ಲಿ ‘ಹೊಸ ತೊಡಕಿನ ಶುಭಾಶಯಗಳು’ ಅಂತ ಬರುತ್ತಿದೆ. ಹಬ್ಬ ಗೊತ್ತಿಲ್ಲದವರು ಓದಿದರೆ ಶಾಪ ಹಾಕಿದ ಹಾಗಿರುತ್ತದೆ.

ಊರಲ್ಲಿ ಶುಭಾಶಯ ಹೇಳುವ ರೂಢಿಯೇ ಇರಲಿಲ್ಲ. ಆಚರಿಸುವುದು ಅನ್ನುವ ಮಾತೂ ಇಲ್ಲ. ‘ತೊಡಕು ಮಾಡ್ತೀವಿ’ ಅನ್ನುತ್ತಾರೆ, ‘ತೊಡಕಿಗೆ ಬನ್ನಿ’ ಅನ್ನುತ್ತಾರೆ. ಬೀಗರಿಗೆ ಹೀಗೆ ಕರೆ ಹೋದರೆ ಊಟ ಯಾವುದು ಅಂತ ಬೇರೆ ಹೇಳಬೇಕಿಲ್ಲ.

ನಿಮ್ಮಿಂದ ನನಗೆ ಬೇಕಾದದ್ದು ಇಷ್ಟು. ‘ಶುರು’ ಅನ್ನುವ ಅರ್ಥದಲ್ಲಿ ತೊಡಕು ಅನ್ನುವ ಪದವನ್ನು ಈ ಹಬ್ಬದ ಹೆಸರಿನಲ್ಲಿ ಬಿಟ್ಟು ಬೇರೆಲ್ಲಾದರೂ ಕೇಳಿದ್ದೀರಾ? ಹೊಲದ ಕೆಲಸದಲ್ಲಿ, ನೇಯ್ಗೆಯಲ್ಲಿ, ಸೋಬಾನೆ ಪದಗಳಲ್ಲಿ, ಎಲ್ಲಾದರೂ ಸರಿ. ಒಂದೇ ಒಂದು ಬಳಕೆ ಸಿಕ್ಕರೂ ನನ್ನ ವಾದಕ್ಕೆ ಕಾಲು ಬಂದ ಹಾಗೆ. ಹಳೆಯ ಬರಹಗಳಲ್ಲಿ ವರ್ಷತೊಡಕು ಕಂಡವರು ಯಾವ ಅಕ್ಷರಗಳಲ್ಲಿ ಬರೆದಿತ್ತು ಅಂತ ತಿಳಿಸಿ. ಧಾರವಾಡ, ಕಲಬುರಗಿ ಕಡೆಯವರೇ, ಯುಗಾದಿಯ ಮರುದಿನಕ್ಕೂ ನಿಮ್ಮಲ್ಲಿ ಕರಿ ಅಂತಲೇ ಅನ್ನುತ್ತೀರಾ, ಇಲ್ಲ ಬೇರೆ ಹೆಸರಿದೆಯಾ? ಗಡಿ ಆಚೆಯ ಹೊಸೂರು, ಕೃಷ್ಣಗಿರಿ ಕನ್ನಡಿಗರು ಈ ಪತ್ರ ಓದುವವರಲ್ಲಿದ್ದರೆ ಅವರು ದಯವಿಟ್ಟು ಉತ್ತರಿಸಿ. ತಮಿಳಿನ ತೊಡಕ್ಕಂ ಅವರ ಕಿವಿಗೆ ದಿನಾ ಬೀಳುತ್ತದೆ. ಅವರು ಈ ಹಬ್ಬದ ಹೆಸರನ್ನು ಹೇಳುವಾಗ ‘ಶುರು’ ಅನ್ನುವ ಅರ್ಥ ತಾನಾಗಿ ಹೊಳೆಯುತ್ತದೆಯೇ, ಇಲ್ಲ ಅವರಿಗೂ ಅದು ಬರೀ ಬಾಡಿನ ದಿನವೇ?