ಅಪ್‌ಡೇಟ್: ಗ್ಲೂಕೋಸ್ ಟೆಸ್ಟ್ ಕೊನೆಗೂ ಮುಗೀತು

ಗ್ಲೂಕೋಸ್ ನೀರು ಕುಡಿದ ಕೂಡಲೇ ವಾಂತಿ ಆಗ್ತಿದೆ, ಬಸುರಿಯರ ಶುಗರ್ ಟೆಸ್ಟ್ ಹೇಗೆ ಮುಗಿಸೋದು ಅಂತ ಕೇಳಿದ್ದೆನಲ್ಲ, ಆಯ್ತು ಕಣ್ರೀ! ಕೈಹಿಡಿದಿದ್ದು ನಿಂಬೆಹಣ್ಣು. ಲ್ಯಾಬಿನವರನ್ನು ಕೇಳಿಕೊಂಡೇ, 75 ಗ್ರಾಂ ಪುಡಿ ಕದಡಿದ ತಣ್ಣೀರಿಗೆ ಅರ್ಧ ಹೋಳು ಹಿಂಡಿ, ಗುಟುಕು ಗುಟುಕಾಗಿ ಇಳಿಸಿದೆ. ಏಲಕ್ಕಿ ಬಾಯಲ್ಲಿಟ್ಟುಕೋ ಅಂದಿದ್ದ ಅಕ್ಕಾ, ಬೇಜಾರಾಗ್ಬೇಡಿ, ಅದರ ವಾಸನೆಗೇ ಹೊಟ್ಟೆ ತೊಳೆಸಿತು.

ಸಿಸ್ಟರ್ ಹೇಳಿದ್ದು ಕೇಳಿ: ಕುಡಿದ ಅರ್ಧ ಗಂಟೆಯೊಳಗೆ ವಾಂತಿಯಾದ್ರೆ ಇನ್ನೊಂದು ದಿನ ಮಾಡ್ಬೇಕು, ಆಮೇಲಾದ್ರೆ ಮುಂದುವರಿಸ್ತಾರೆ. ಈ ಒಂದೇ ಸಲ ರಕ್ತ ತೆಗೆಯೋ ವಿಧಾನಕ್ಕೆ ಖಾಲಿ ಹೊಟ್ಟೆಯೂ ಬೇಡವಂತೆ! ಜಯನಗರದ ದರ್ಶಿನಿ ಮುಂದೆ ಇಡ್ಲಿ ಬಿಟ್ಟು ಬಂದಿದ್ದೆ, ಛೆ. ಫಾಸ್ಟಿಂಗ್ ಸ್ಯಾಂಪಲ್ಲೂ ತೆಗೆಯೋದಾದ್ರೆ ಮಾತ್ರ ಉಪವಾಸ ಬೇಕು, ಮೊದಲೇ ವಿಚಾರಿಸಿ. 2 ಗಂಟೆ ಬಿಟ್ಟು ನೋಡಿದಾಗ 118 ಬಂತು. 140 ಮುಟ್ಟಬಾರದು ಅಷ್ಟೇ.