ಸಹಾಯ ಬೇಕು: ಶೆಡ್‌ನಲ್ಲಿ ನಿಂತಿದ್ದ ಜೀಪಿನ ಇಂಜಿನ್ ಮಿಸ್ಸಿಂಗ್

ಸೋಮವಾರಪೇಟೆ ಕಡೆ ತೋಟದ ಶೆಡ್‌ನಲ್ಲಿ ವರ್ಷಗಟ್ಟಲೆ ನಿಂತಿದ್ದ ಹಳೇ ಪೆಟ್ರೋಲ್ ಜೀಪು. ನಮ್ಮ ಮಳೆ ಗೊತ್ತಲ್ವಾ, ಒಳಗಿಟ್ಟರೂ ತೇವ ಬಿಡುವುದಿಲ್ಲ. ಹಳೇ ಪೆಟ್ರೋಲ್ ತೆಗೆದು, ಕಾರ್ಬುರೇಟರ್ ತೊಳೆದಾಯ್ತು. ಸ್ಟಾರ್ಟ್ ಆಗುತ್ತದೆ, ಆದರೆ ಮಿಸ್ಸಿಂಗ್ (ಸಿಲಿಂಡರ್ ಸರಿಯಾಗಿ ಉರಿಯದೆ ಇಂಜಿನ್ ತಡವರಿಸುವುದು) ಜಾಸ್ತಿ.

ಪ್ಲಗ್ ವೈರ್ ಒಂದೊಂದಾಗಿ ತೆಗೆದು ನೋಡಿದೆ. 3ನೇ ಸಿಲಿಂಡರ್‌ನದ್ದು ತೆಗೆದಾಗ ಮಾತ್ರ ಇಂಜಿನ್ ಶಬ್ದ ಬದಲಾಗುವುದಿಲ್ಲ, ಅಂದರೆ ಅದೊಂದು ಕೆಲಸ ಮಾಡುತ್ತಿಲ್ಲ. ಪ್ಲಗ್, ವೈರ್ ಎರಡನ್ನೂ 2ನೆಯದರ ಜೊತೆ ಅದಲುಬದಲು ಮಾಡಿದರೂ ತೊಂದರೆ 3ರಲ್ಲೇ ಇದೆ. ಕಿಡಿ ಚೆನ್ನಾಗಿಯೇ ಬರುತ್ತಿದೆ. ವಾಲ್ವ್ ತುಕ್ಕು ಹಿಡಿದು ಅಂಟಿದೆ ಅಂತ ನನ್ನ ಅನುಮಾನ.

ಗ್ಯಾರೇಜಿನವರು ನೋಡಿದ್ದೇ ತಡ, ಇಂಜಿನ್ ಪೂರ್ತಿ ಇಳಿಸಬೇಕು ಅಂತಾರೆ. ಸುಮ್ನೆ ಅಷ್ಟು ಖರ್ಚು ಯಾಕೆ? ಮೊದಲು ಕಂಪ್ರೆಶನ್ (ಸಿಲಿಂಡರ್ ಒಳಗಿನ ಒತ್ತಡ) ನೋಡಬೇಕು. ಸಿಲಿಂಡರ್ ಒಳಗೆ ಸ್ವಲ್ಪ ಆಯಿಲ್ ಬಿಟ್ಟಾಗ ಅದು ಏರಿದರೆ ತೊಂದರೆ ಪಿಸ್ಟನ್ ರಿಂಗ್‌ನದ್ದು, ಏರದಿದ್ದರೆ ವಾಲ್ವ್ ಅಥವಾ ಹೆಡ್ ಗ್ಯಾಸ್ಕೆಟ್‌ನದ್ದು.

ಮಡಿಕೇರಿ, ಕುಶಾಲನಗರದಲ್ಲಿ ಯಾರ ಹತ್ರವಾದ್ರೂ ಕಂಪ್ರೆಶನ್ ಗೇಜ್ ಇದೆಯಾ? ಹೆಡ್ ಬಿಚ್ಚದೆ ವಾಲ್ವ್ ಬಿಡಿಸಿದವರಿದ್ದರೂ ದಯವಿಟ್ಟು ಹೇಳಿ.